ಬಿಳಿ ಎಳೆ ಬಂತು, ಏಣಿ ಯಾಕೆ ಕಾಣಲಿಲ್ಲ? ಬಾಳೆಹಣ್ಣು, ಕಾಫಿ ಎಲೆ ಮತ್ತು ಡಿಎನ್‌ಎ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ವಸ್ತುಪ್ರದರ್ಶನಕ್ಕೆಂದು ಮಕ್ಕಳು ಬಾಳೆಹಣ್ಣಿನಿಂದ ಡಿಎನ್‌ಎ ತೆಗೆದರು. ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್, ತಣ್ಣಗಿನ ಆಲ್ಕೋಹಾಲ್ ಹಾಕಿದಾಗ ಬಿಳಿ ಎಳೆ ಬಂತು. ಶಾಲೆಯ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರೆ ಪುಸ್ತಕದಲ್ಲಿರುವ ಏಣಿ ಕಾಣಲಿಲ್ಲ. "ಹಾಗಾದ್ರೆ ಇದು ಡಿಎನ್‌ಎ ಅಲ್ವಾ ಮಿಸ್?" ಎಂದರು. ಅದೇ ವಿಧಾನದಲ್ಲಿ ಕಾಫಿ ಎಲೆ ಅರೆದರೆ ಕಂದು ಬಣ್ಣದ ಅಂಟು ಬಿಟ್ಟು ಬೇರೇನೂ ಬರಲಿಲ್ಲ. ಒಬ್ಬ ಹುಡುಗನ ತಂದೆ ನಾಲ್ಕು ವರ್ಷದ ಹಿಂದೆ ಖಾಸಗಿ ನರ್ಸರಿಯಿಂದ ಚಂದ್ರಗಿರಿ ಎಂಬ ಕಾಫಿ ತಳಿಯೆಂದು ತಂದ ಸಸಿಗಳಲ್ಲಿ ಕೆಲವು ಉದ್ದುದ್ದ ಹೋಗುತ್ತಿವೆಯಂತೆ. ಈ ಪ್ರಯೋಗದಲ್ಲೇ ತಳಿ ಗೊತ್ತಾಗುತ್ತದಾ ಎಂದು ಕೇಳುತ್ತಿದ್ದಾರೆ. ಕೊಲುಬ್ರಿನಂ ಎಂಬ ಮೆಣಸಿನ ಸಂಬಂಧಿ ಗಿಡದ ಬೇರಿಗೆ ಕಸಿ ಕಟ್ಟಿದ ಕಾಳುಮೆಣಸಿನ ಡಿಎನ್‌ಎ ಕಲಬೆರಕೆಯಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಬಾಳೆಹಣ್ಣಿನ ಅರ್ಧ ಡಿಎನ್‌ಎ ನಮ್ಮದೇ ಎಂಬುದು ಮಕ್ಕಳ ಮೊಬೈಲಿನಿಂದ ಬಂದ ಸುದ್ದಿ. ಇವುಗಳಲ್ಲಿ ಯಾವುದು ನಿಜ, ತರಗತಿಯಲ್ಲಿ ಹೇಗೆ ಹೇಳಲಿ?

ಉತ್ತರ: ಮೇಡಂ, "ಇದು ಡಿಎನ್‌ಎ ಅಲ್ವಾ" ಎಂದು ಕೇಳಿದ ಮಕ್ಕಳನ್ನು ಮೊದಲು ಮೆಚ್ಚಬೇಕು. ಬಿಳಿ ಎಳೆ ಕಂಡ ಕೂಡಲೇ ಚಪ್ಪಾಳೆ ತಟ್ಟಿ ಮುಗಿಸುವ ತರಗತಿಗಳೇ ಹೆಚ್ಚು. ನಿಮ್ಮ ಪ್ರಶ್ನೆಗಳು ಬೇರೆ ಬೇರೆ ಕಂಡರೂ ಅವುಗಳ ಗಂಟು ಒಂದೇ. ಡಿಎನ್‌ಎ ಎಂಬ ವಸ್ತು ಬೇರೆ, ಆ ವಸ್ತುವಿನೊಳಗಿನ ಅಕ್ಷರಗಳ ಕ್ರಮ ಬೇರೆ. ವಸ್ತುವನ್ನು ಅಡುಗೆಮನೆಯ ಸಾಮಾನಿನಲ್ಲಿ ಹೊರಗೆ ತೆಗೆಯಬಹುದು, ಆದರೆ ಕ್ರಮವನ್ನು ಓದಲು ಲ್ಯಾಬ್ ಬೇಕು. ತಳಿ, ಜಾತಿ, ಸಂಬಂಧ ಎಲ್ಲವೂ ಇರುವುದು ಕ್ರಮದಲ್ಲಿ. ಇದನ್ನು ಬಿಡಿಸಿಕೊಳ್ಳಲು ಅಣುವಿನ ರಚನೆಯಿಂದಲೇ ಶುರು ಮಾಡೋಣ. ಪ್ರಯೋಗದ ಒಂದೊಂದು ಹೆಜ್ಜೆಗೂ ಅಲ್ಲೇ ಕಾರಣ ಸಿಗುತ್ತದೆ.

ಡಿಎನ್‌ಎಯ ಒಂದು ಘಟಕಕ್ಕೆ ನ್ಯೂಕ್ಲಿಯೊಟೈಡ್ ಎನ್ನುತ್ತೇವೆ. ಅದರಲ್ಲಿ ಮೂರು ಭಾಗ: ಒಂದು ಫಾಸ್ಫೇಟ್, ಐದು ಕಾರ್ಬನ್ನಿನ ಡಿಆಕ್ಸಿರೈಬೋಸ್ ಎಂಬ ಸಕ್ಕರೆ, ಒಂದು ಸಾರಜನಕಯುಕ್ತ ಪ್ರತ್ಯಾಮ್ಲ. ಫಾಸ್ಫೇಟ್ ಮತ್ತು ಸಕ್ಕರೆ ಎಲ್ಲ ಘಟಕಗಳಲ್ಲೂ ಒಂದೇ. ಬದಲಾಗುವುದು ಪ್ರತ್ಯಾಮ್ಲ ಮಾತ್ರ, ಅದರಲ್ಲಿ ನಾಲ್ಕು ಬಗೆ: ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್. ಎ, ಜಿ, ಸಿ, ಟಿ ಎಂದು ನಾವು ಅಕ್ಷರಗಳೆನ್ನುವುದು ಇವನ್ನೇ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವಾಗ ಸಕ್ಕರೆಯ ಕಾರ್ಬನ್‌ಗಳಿಗೆ ಸಂಖ್ಯೆ ಹಾಕಿಯೇ ಬರೆಯಿರಿ. ಒಂದನೇ ಕಾರ್ಬನ್ನಿಗೆ ಪ್ರತ್ಯಾಮ್ಲ, ಐದನೆಯದಕ್ಕೆ ತನ್ನ ಫಾಸ್ಫೇಟ್, ಮೂರನೆಯದಕ್ಕೆ ಮುಂದಿನ ಘಟಕದ ಫಾಸ್ಫೇಟ್. ಹೀಗೆ ಐದರಿಂದ ಮೂರಕ್ಕೆ ಪೋಣಿಸಿಕೊಂಡು ಹೋಗುವುದರಿಂದ ಎಳೆಗೆ ಒಂದು ದಿಕ್ಕು ಬರುತ್ತದೆ. ಎದುರಿನ ಎಳೆ ತಲೆಕೆಳಗಾಗಿ, ಉಲ್ಟಾ ದಿಕ್ಕಿನಲ್ಲಿ ಓಡುತ್ತದೆ. ಚಾರ್ಟುಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಎರಡೂ ಕಡೆ ಬಾಣವನ್ನು ಮೇಲ್ಮುಖವಾಗಿ ಹಾಕಿರುತ್ತಾರೆ.

ಎ ಯಾವಾಗಲೂ ಟಿ ಜೊತೆ, ಜಿ ಯಾವಾಗಲೂ ಸಿ ಜೊತೆ. ಇದನ್ನು ಬಾಯಿಪಾಠ ಮಾಡಿಸುವ ಬದಲು ಅಳತೆಯಿಂದ ತೋರಿಸಿ. ಎ ಮತ್ತು ಜಿ ಎರಡು ಉಂಗುರಗಳ ದೊಡ್ಡ ಅಣುಗಳು, ಇವು ಪ್ಯೂರಿನ್. ಸಿ ಮತ್ತು ಟಿ ಒಂದು ಉಂಗುರದ ಸಣ್ಣವು, ಪಿರಿಮಿಡಿನ್. ಎರಡು ದೊಡ್ಡವು ಎದುರಾದರೆ ಜಾಗ ಸಾಲದು, ಎರಡು ಸಣ್ಣವು ಎದುರಾದರೆ ಒಂದಕ್ಕೊಂದು ಎಟುಕದು. ದೊಡ್ಡದಕ್ಕೆ ಸಣ್ಣದು ಎದುರಾದಾಗ ಮಾತ್ರ ಉದ್ದಕ್ಕೂ ಒಂದೇ ಅಗಲ, ಸುಮಾರು 2 ನ್ಯಾನೋಮೀಟರ್. ಇನ್ನು ಎಗೆ ಸಿ ಯಾಕೆ ಸೇರದು? ಹೈಡ್ರೋಜನ್ ಬಂಧ ಕೊಡುವ, ತೆಗೆದುಕೊಳ್ಳುವ ಪರಮಾಣುಗಳು ಅವೆರಡರಲ್ಲಿ ಎದುರುಬದುರು ಕೂರುವುದಿಲ್ಲ. ಎ-ಟಿ ನಡುವೆ ಎರಡು ಬಂಧ, ಜಿ-ಸಿ ನಡುವೆ ಮೂರು. ಅದಕ್ಕೇ ಯಾವ ಜೀವಿಯ ಜೋಡಿ ಎಳೆಯ ಡಿಎನ್‌ಎ ತೆಗೆದರೂ ಎ ಇದ್ದಷ್ಟೇ ಟಿ, ಜಿ ಇದ್ದಷ್ಟೇ ಸಿ ಇರುತ್ತದೆ. ಮನುಷ್ಯರಲ್ಲಿ ಎ ಮತ್ತು ಟಿ ತಲಾ ಸುಮಾರು ಶೇ. 30, ಜಿ ಮತ್ತು ಸಿ ತಲಾ ಸುಮಾರು ಶೇ. 20. ಈ ಸಮಪ್ರಮಾಣವನ್ನು ಮೊದಲು ಅಳೆದು ತೋರಿಸಿದವರು ಎರ್ವಿನ್ ಶಾರ್ಗಾಫ್. 1952ರಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ ತೆಗೆದ ಎಕ್ಸ್-ರೇ ಚಿತ್ರ ತಿರುಚಿದ ಏಣಿಯಂಥ ಈ ಸುರುಳಿಯ ಅಳತೆ ಕೊಟ್ಟಿತು. ಇವೆಲ್ಲ ಕೂಡಿಬಂದ ಮೇಲೆ, 1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಅವರ ಮಾದರಿ ಪ್ರಕಟವಾಯಿತು. 1962ರ ನೊಬೆಲ್ ಬಂದದ್ದು ವ್ಯಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ. ಫ್ರಾಂಕ್ಲಿನ್ 1958ರಲ್ಲೇ ತೀರಿಕೊಂಡಿದ್ದರು. ಅವರ ಹೆಸರನ್ನು ತರಗತಿಯಲ್ಲಿ ತಪ್ಪದೆ ಹೇಳಿ.

ಪುಸ್ತಕಗಳು ಹೈಡ್ರೋಜನ್ ಬಂಧಕ್ಕೆ ಕೊಡುವಷ್ಟು ಮಹತ್ವವನ್ನು ಇನ್ನೊಂದು ಸಂಗತಿಗೆ ಕೊಡುವುದಿಲ್ಲ, ಅದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಪ್ರತ್ಯಾಮ್ಲಗಳು ಚಪ್ಪಟೆ ಅಣುಗಳು, ನೀರೆಂದರೆ ಅವಕ್ಕೆ ಅಷ್ಟಾಗಿ ಹಿಡಿಸದು. ಹಾಗಾಗಿ ಅವು ಒಳಗೆ ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ಸುರುಳಿ ಗಟ್ಟಿಯಾಗಿ ನಿಲ್ಲುವುದು ಬಹುಮಟ್ಟಿಗೆ ಈ ಪೇರಿಕೆಯಿಂದ. ಯಾವುದಕ್ಕೆ ಯಾವುದು ಜೋಡಿ ಎಂದು ನಿರ್ಧರಿಸುವುದು ಹೈಡ್ರೋಜನ್ ಬಂಧ. ಇನ್ನು ಫಾಸ್ಫೇಟ್‌ಗಳು ಋಣ ವಿದ್ಯುದಂಶ ಹೊತ್ತು ಹೊರಗೆ, ನೀರಿಗೆ ಮುಖ ಮಾಡಿ ನಿಲ್ಲುತ್ತವೆ. ಈ ಋಣ ವಿದ್ಯುದಂಶವನ್ನು ನೆನಪಿಟ್ಟುಕೊಳ್ಳಿ, ಉಪ್ಪು ಯಾಕೆ ಎಂಬ ಪ್ರಶ್ನೆಗೆ ಉತ್ತರ ಅದೇ.

ವಸ್ತುಪ್ರದರ್ಶನಕ್ಕೆ ಮಾದರಿಯನ್ನೂ ಮಾಡಿಸುವುದಾದರೆ ಅಳತೆಗೆ ಸರಿಯಾಗಿ ಮಾಡಿಸಿ, ಖರ್ಚೇನೂ ಹೆಚ್ಚಾಗದು. 1 ನ್ಯಾನೋಮೀಟರಿಗೆ 10 ಸೆಂ.ಮೀ. ಎಂದು ಇಟ್ಟುಕೊಂಡರೆ ಮಾದರಿಯ ಅಗಲ 20 ಸೆಂ.ಮೀ., ಒಂದು ಪೂರ್ತಿ ಸುತ್ತಿನ ಎತ್ತರ 34 ಸೆಂ.ಮೀ., ಒಂದು ಮೆಟ್ಟಿಲಿಗೂ (ಅಂದರೆ ಒಂದು ಪ್ರತ್ಯಾಮ್ಲ ಜೋಡಿಗೂ) ಮುಂದಿನದಕ್ಕೂ 3.4 ಸೆಂ.ಮೀ. ಸುತ್ತಿಗೆ ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲು ಹಿಂದಿನದಕ್ಕಿಂತ 36 ಡಿಗ್ರಿ ತಿರುಗಿರಬೇಕು. ಇಂಟರ್ನೆಟ್‌ನಲ್ಲಿ 10.5 ಎಂದು ಓದಿ ಮಕ್ಕಳು ಗೊಂದಲಪಟ್ಟರೆ ಎರಡೂ ಸರಿ ಎನ್ನಿ. ಹತ್ತು ಎಂಬುದು ಎಳೆಯಾಗಿ ಎಳೆದ ಡಿಎನ್‌ಎಯ ಎಕ್ಸ್-ರೇ ಅಳತೆ, ನೀರಿನಲ್ಲಿ ಕರಗಿದಾಗ ಅದು ಸುಮಾರು 10.5 ಆಗುತ್ತದೆ. ಎರಡು ಬೆನ್ನೆಳೆಗಳನ್ನು (ಸಕ್ಕರೆ-ಫಾಸ್ಫೇಟ್ ಸಾಲುಗಳನ್ನು) ಸರಿಯಾಗಿ ಎದುರುಬದುರು ನಿಲ್ಲಿಸಬೇಡಿ. ಒಂದು ಕಡೆಯ ತೋಡು ಅಗಲ, ಇನ್ನೊಂದು ಕಡೆಯದು ಕಿರಿದು. ನಿಮ್ಮ ಅಳತೆಯಲ್ಲಿ ಅಂದಾಜು 22 ಮತ್ತು 12 ಸೆಂ.ಮೀ. ಜೀವಕೋಶದ ಪ್ರೋಟೀನುಗಳು ಸುರುಳಿಯನ್ನು ಬಿಚ್ಚದೆಯೇ ಅಕ್ಷರಗಳನ್ನು ಗುರುತಿಸುವುದು ಹೆಚ್ಚಾಗಿ ಆ ಅಗಲದ ತೋಡಿನಿಂದ. ತಿರುವಿನ ದಿಕ್ಕನ್ನೂ ನೋಡಿ: ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಕ್ರೂವಿನ ಸುತ್ತಿನಂತೆಯೇ ಬಲಗೈ ತಿರುವು ಇರಬೇಕು. ಎಡಕ್ಕೆ ತಿರುಗಿದ ಚಿತ್ರಗಳು ಜಾಹೀರಾತುಗಳಲ್ಲಿ ಬೇಕಾದಷ್ಟಿವೆ, ಅದನ್ನು ನೋಡಿ ನಕಲು ಮಾಡಿಸಬೇಡಿ. ಇದೇ ಅಳತೆಯಲ್ಲಿ ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ಪೂರ್ತಿ ಕಟ್ಟಿದರೆ ಎಷ್ಟು ಉದ್ದ ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ನಿಜವಾದ ಉದ್ದ ಸುಮಾರು 2 ಮೀಟರ್, ಮಾದರಿಯಲ್ಲಿ 2 ಲಕ್ಷ ಕಿಲೋಮೀಟರ್!

ಹಾಗಾದರೆ ಕಂಡದ್ದೇನು?

ಶಾಲೆಯ ಮೈಕ್ರೋಸ್ಕೋಪ್ ಎಷ್ಟು ಒಳ್ಳೆಯದಾದರೂ ಬೆಳಕಿನಿಂದ ನೋಡುವ ಉಪಕರಣ. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಅದು ಬೇರೆಬೇರೆಯಾಗಿ ತೋರಿಸಲಾರದು. ಸುರುಳಿಯ ಅಗಲ ಅದರ ನೂರರಲ್ಲಿ ಒಂದು ಪಾಲು. ಲೆನ್ಸ್ ಬದಲಾಯಿಸಿ, ಎಣ್ಣೆ ಹಾಕಿ ನೋಡಿದರೂ ಏಣಿ ಕಾಣದು. ಕಡ್ಡಿಗೆ ಸುತ್ತಿಕೊಂಡ ಎಳೆ ಹತ್ತನೇ ಒಂದು ಮಿಲಿಮೀಟರ್ ದಪ್ಪ ಇತ್ತೆನ್ನಿ. ಅದು ಶುದ್ಧ ಡಿಎನ್‌ಎಯೇ ಆಗಿದ್ದರೆ, ಅಷ್ಟು ದಪ್ಪಕ್ಕೆ ಅಕ್ಕಪಕ್ಕ ಒತ್ತಾಗಿ 250 ಕೋಟಿ ಸುರುಳಿಗಳು ಬೇಕು. ಹಾಗಾಗಿ "ಒಂದು ಡಿಎನ್‌ಎ ನೋಡಿದೆವು" ಎಂಬ ಮಾತು ತಪ್ಪು. ಲೆಕ್ಕವಿಲ್ಲದಷ್ಟು ಅಣುಗಳು ಗಂಟುಗಂಟಾಗಿ ಸೇರಿದ ರಾಶಿ ನೋಡಿದ್ದು. ಸ್ಲೈಡಿನಲ್ಲಿ ಹೊಸೆದಂತೆ ಕಾಣುವ ರೇಖೆಗಳಿದ್ದರೆ ಅವು ರಾಶಿಯ ಮಡಿಕೆಗಳು, ಇಲ್ಲವೇ ಗಾಳಿಗುಳ್ಳೆ. ಸುರುಳಿ ಖಂಡಿತ ಅಲ್ಲ.

ಆ ರಾಶಿಯಲ್ಲಿ ಡಿಎನ್‌ಎ ಮಾತ್ರವೇ ಇದೆ ಎಂದೂ ಹೇಳುವಂತಿಲ್ಲ. ಹಣ್ಣಾದ ಬಾಳೆಯಲ್ಲಿ ಪೆಕ್ಟಿನ್ ಎಂಬ ಅಂಟು ಬೇಕಾದಷ್ಟಿರುತ್ತದೆ, ಆಲ್ಕೋಹಾಲ್ ಬಿದ್ದರೆ ಅದೂ ಬೆಳ್ಳಗೆ ಗಟ್ಟಿಯಾಗಿ ಮೇಲೆ ಬರುತ್ತದೆ. ಜೊತೆಗೆ ಡಿಎನ್‌ಎಯ ಸೋದರ ಅಣುವಾದ ಆರ್‌ಎನ್‌ಎ, ಅಷ್ಟಿಷ್ಟು ಪ್ರೋಟೀನು. ಪ್ರದರ್ಶನದಲ್ಲಿ ಪಕ್ಕದಲ್ಲೇ ಎರಡು ಟ್ಯೂಬ್ ಹೆಚ್ಚಿಗೆ ಇಡಿ. ಒಂದರಲ್ಲಿ ಬಾಳೆಹಣ್ಣಿನ ಬದಲು ಕುರಿಯ ಲಿವರ್. ಪ್ರಾಣಿಯ ಜೀವಕೋಶದಲ್ಲಿ ಪೆಕ್ಟಿನ್ ಇಲ್ಲ, ಆದರೂ ಕಡ್ಡಿಗೆ ಸುತ್ತಿಕೊಳ್ಳುವ ನಾರು ಬರುತ್ತದೆ. ಇನ್ನೊಂದರಲ್ಲಿ ಮೊಟ್ಟೆಯ ಬಿಳಿ. ಅದರಲ್ಲಿರುವುದು ಬಹುಪಾಲು ನೀರು ಮತ್ತು ಪ್ರೋಟೀನು. ಆಲ್ಕೋಹಾಲ್ ಹಾಕಿದರೆ ಅದೂ ಬೆಳ್ಳಗಾಗುತ್ತದೆ, ಆದರೆ ಚೂರುಚೂರಾಗಿ ಒಡೆದ ಹಾಗೆ. ಕಡ್ಡಿ ತಿರುಗಿಸಿದರೆ ಉದ್ದ ಎಳೆಯಾಗಿ ಸುತ್ತಿಕೊಳ್ಳುವುದಿಲ್ಲ. ಬೆಳ್ಳಗಿರುವುದೆಲ್ಲ ಡಿಎನ್‌ಎ ಅಲ್ಲ ಎಂದು ಮಕ್ಕಳು ಕಣ್ಣಾರೆ ನೋಡಲಿ. ಹತ್ತಿರದ ಪದವಿ ಕಾಲೇಜಿನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ) ಇದ್ದರೆ ಎಳೆಯನ್ನು ನೀರಿನಲ್ಲಿ ಕರಗಿಸಿ 260 ಮತ್ತು 280 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಸಿ. ಶುದ್ಧ ಡಿಎನ್‌ಎ ಆದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 1.8ರ ಆಸುಪಾಸು ಬರಬೇಕು. ಅಡುಗೆಮನೆಯ ವಿಧಾನದಲ್ಲಿ ಅದು ಬರುವುದು ಕಷ್ಟ, ಬರದಿದ್ದರೆ ಯಾಕೆಂದು ಚರ್ಚಿಸುವುದೇ ಪಾಠ.

ಈಗ ಹೆಜ್ಜೆಗಳು. ಅರ್ಧ ಬಾಳೆಹಣ್ಣು, ಅಂದರೆ ಸುಮಾರು 50 ಗ್ರಾಂ, ಜಿಪ್ ಕವರಿನಲ್ಲಿ ಹಾಕಿ ಕೈಯಲ್ಲೇ ಹಿಸುಕಿ. ಮಿಕ್ಸಿ ಬಳಸುವುದಾದರೆ ಐದಾರು ಸೆಕೆಂಡ್ ಸಾಕು, ಹೆಚ್ಚು ಹೊತ್ತು ತಿರುಗಿಸಿದರೆ ಉದ್ದನೆಯ ಅಣುಗಳು ತುಂಡಾಗಿ ಎಳೆ ಸುತ್ತಿಕೊಳ್ಳುವುದಿಲ್ಲ. 100 ಮಿ.ಲೀ. ನೀರಿಗೆ ಒಂದು ಟೀ ಚಮಚ ಉಪ್ಪು, ಎರಡು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬಾರದಂತೆ ಕಲಸಿ ಹಣ್ಣಿಗೆ ಸೇರಿಸಿ. ಜೀವಕೋಶದ ಪೊರೆಯೂ ಕೋಶಕೇಂದ್ರದ ಪೊರೆಯೂ ಕೊಬ್ಬಿನ ಪದರಗಳು. ಲಿಕ್ವಿಡ್ ಅವನ್ನು ಒಡೆಯುತ್ತದೆ. 60 ಡಿಗ್ರಿ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳ ಕೆಲಸ ಕುಂದುತ್ತದೆ. ಕುದಿಸಬೇಡಿ. ಕುದಿದರೆ ಪ್ರತ್ಯಾಮ್ಲಗಳ ಪೇರಿಕೆ ಸಡಿಲಿ ಎರಡು ಎಳೆ ಬೇರೆಯಾಗುತ್ತವೆ, ಆಮೇಲೆ ನಾರಿನ ಬದಲು ಹಿಟ್ಟಿನಂಥ ಗಷ್ಟು ಸಿಗುತ್ತದೆ. ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ.

ಸೋಸಿದ ರಸ 10 ಮಿ.ಲೀ. ಟ್ಯೂಬಿಗೆ ಹಾಕಿ, ಓರೆ ಹಿಡಿದು, ಫ್ರೀಜರಿನಲ್ಲಿಟ್ಟ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ಪ್ರಮಾಣದಲ್ಲಿ ಗೋಡೆಗುಂಟ ನಿಧಾನಕ್ಕೆ ಇಳಿಬಿಡಿ. ಎರಡು ಪದರ ಕೂಡುವ ಜಾಗದಲ್ಲಿ ಐದು ಹತ್ತು ನಿಮಿಷದಲ್ಲಿ ಎಳೆ ಏಳುತ್ತದೆ. ನೀರಿನಲ್ಲಿ ಕರಗಿರುವ ಡಿಎನ್‌ಎ ಇಲ್ಲಿ ಹೊರಬೀಳುವುದು ಯಾಕೆ? ಋಣ ವಿದ್ಯುದಂಶದ ಫಾಸ್ಫೇಟ್‌ಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪಿನ ಸೋಡಿಯಂ ಬಂದು ಅವುಗಳ ಪಕ್ಕ ಕೂತರೆ ಆ ತಳ್ಳಾಟ ಕಡಿಮೆಯಾಗುತ್ತದೆ. ಆಲ್ಕೋಹಾಲ್ ನೀರಿನ ಹಿಡಿತವನ್ನು ಸಡಿಲಿಸಿ ಸೋಡಿಯಂ ಇನ್ನೂ ಬಿಗಿಯಾಗಿ ಅಂಟುವಂತೆ ಮಾಡುತ್ತದೆ, ಅಣುಗಳು ಒಟ್ಟುಗೂಡಿ ಹೊರಬರುತ್ತವೆ. ಉಪ್ಪು ಮರೆತರೆ ಎಳೆ ಬರದೇ ಇರುವುದು ಇದಕ್ಕೇ. ಮೆಡಿಕಲ್ ಶಾಪಿನ ಶೇ. 70ರ ಆಲ್ಕೋಹಾಲ್ ಸಮಪ್ರಮಾಣ ಹಾಕಿದರೆ ಕೊನೆಗೆ ಉಳಿಯುವುದು ಶೇ. 35 ಮಾತ್ರ, ಸಾಲುವುದಿಲ್ಲ. ಶೇ. 90ಕ್ಕೆ ಮೇಲ್ಪಟ್ಟದ್ದನ್ನು ಕೇಳಿ ತನ್ನಿ. ಜೆಲ್ ಸ್ಯಾನಿಟೈಸರ್ ಬೇಡ, ಅದನ್ನು ಗಟ್ಟಿ ಮಾಡಲು ಹಾಕಿದ ಅಂಟೇ ಎಳೆಯಂತೆ ಕಂಡು ಮೋಸ ಮಾಡುತ್ತದೆ. ಪೇಂಟ್ ಅಂಗಡಿಯ ಸ್ಪಿರಿಟ್ ಅನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಅದರಲ್ಲಿ ಮೆಥನಾಲ್ ಎಂಬ ವಿಷ ಇರಬಹುದು. ನೀರು ಬಿಸಿ ಮಾಡುವ ಒಲೆ ಆರಿಸಿದ ಮೇಲೆಯೇ ಆಲ್ಕೋಹಾಲ್ ಬಾಟಲಿ ಹೊರಗೆ ಬರಲಿ.

ಕಾಫಿ ಎಲೆ ಕಂದಾದದ್ದು

ನಿಮ್ಮ ಕೈ ತಪ್ಪಲ್ಲ. ಕಾಫಿ ಎಲೆಯಲ್ಲಿ ಕ್ಲೋರೋಜೆನಿಕ್ ಆಮ್ಲದಂಥ ಪಾಲಿಫಿನಾಲ್‌ಗಳು ತುಂಬಿರುತ್ತವೆ. ಎಲೆ ಸರಿಯಾಗಿರುವಾಗ ಅವು ಜೀವಕೋಶದ ಒಂದು ಕೋಣೆಯಲ್ಲಿ, ಅವನ್ನು ಉತ್ಕರ್ಷಿಸುವ ಕಿಣ್ವ ಇನ್ನೊಂದರಲ್ಲಿ. ನೀವು ಅರೆದ ಕೂಡಲೇ ಎರಡೂ ಗಾಳಿಯ ಜೊತೆ ಸೇರಿ, ಪಾಲಿಫಿನಾಲ್‌ಗಳು ಕ್ವಿನೋನ್ ಎಂಬ ಚುರುಕು ಅಣುಗಳಾಗುತ್ತವೆ. ಇವು ಪ್ರೋಟೀನಿಗೂ ಡಿಎನ್‌ಎಗೂ ಅಂಟಿಕೊಂಡು ಬಿಡಿಸಲಾಗದ ಕಂದು ಜಿಗುಟಾಗುತ್ತವೆ. ಬಲಿತ ಎಲೆಯಲ್ಲಿ ದಪ್ಪ ಕೋಶಭಿತ್ತಿ ಬೇರೆ, ಕೈಯಲ್ಲಿ ಅರೆದರೆ ಒಡೆಯುವುದೇ ಅಷ್ಟಕ್ಕಷ್ಟೆ.

ಲ್ಯಾಬಿನಲ್ಲಿ ಇದಕ್ಕೆ ಸಿಟಿಎಬಿ ವಿಧಾನವಿದೆ. ಎಳೆ ಚಿಗುರೆಲೆ 100 ಮಿ.ಗ್ರಾಂ. ತೆಗೆದು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿ ಮಾಡುತ್ತಾರೆ. ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಅದಕ್ಕೆ ಸೇರಿಸುವ ಬಫರ್ ದ್ರಾವಣದಲ್ಲಿ ಸಿಟಿಎಬಿ ಎಂಬ ಡಿಟರ್ಜೆಂಟ್ ಶೇ. 2, ಉಪ್ಪು 1.4 ಮೋಲಾರ್, ಪಾಲಿಫಿನಾಲ್‌ಗಳನ್ನು ಹಿಡಿದಿಡಲು ಪಿವಿಪಿ ಶೇ. 1ರಿಂದ 2, ಉತ್ಕರ್ಷಣೆ ತಡೆಯಲು ಮರ್ಕ್ಯಾಪ್ಟೊಎಥನಾಲ್, ಕಿಣ್ವಗಳಿಗೆ ಬೇಕಾದ ಮೆಗ್ನೀಸಿಯಂ ಕಸಿದುಕೊಳ್ಳಲು ಇಡಿಟಿಎ. 65 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು, ಕ್ಲೋರೋಫಾರ್ಮಿನಿಂದ ತೊಳೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಕೊನೆಯ ಹೆಜ್ಜೆ ನಿಮ್ಮ ಬಾಳೆಹಣ್ಣಿನದ್ದೇ. ಇದನ್ನು ಶಾಲೆಯಲ್ಲಿ ಪ್ರಯತ್ನಿಸಬೇಡಿ. ಕ್ಲೋರೋಫಾರ್ಮ್, ಮರ್ಕ್ಯಾಪ್ಟೊಎಥನಾಲ್ ಎರಡೂ ಫ್ಯೂಮ್ ಹುಡ್ (ವಿಷದ ಹಬೆಯನ್ನು ಹೊರಗೆಳೆಯುವ ಕಪಾಟು) ಇಲ್ಲದೆ ತೆರೆಯುವ ವಸ್ತುಗಳಲ್ಲ. ಮಕ್ಕಳಿಗೆ ಎಲೆ ಬೇಡ, ನೆನೆಸಿದ ಬಟಾಣಿ ಅಥವಾ ಈರುಳ್ಳಿ ಕೊಡಿ. ಕಾಫಿ ಎಲೆ ಕಂದಾಗುವ ಟ್ಯೂಬನ್ನೂ ಪಕ್ಕದಲ್ಲೇ ಇಟ್ಟು ಕಾರಣ ಬರೆದರೆ, ಕೊಡಗಿನ ಮಕ್ಕಳ ಪ್ರದರ್ಶನಕ್ಕೆ ಅದಕ್ಕಿಂತ ಒಪ್ಪುವ ವಿಷಯ ಸಿಗದು.

ಬಾಳೆಹಣ್ಣಿನ ಅರ್ಧ, ಕಸಿಯ ಕಲಬೆರಕೆ

"ಅರ್ಧ ಡಿಎನ್‌ಎ ನಮ್ಮದೇ" ಎಂಬುದರಲ್ಲಿ ಎರಡು ಸಂಗತಿ ಕಲಸಿಹೋಗಿವೆ. ವಸ್ತುವಿನ ಮಟ್ಟದಲ್ಲಿ ನೋಡಿದರೆ ಅರ್ಧವಲ್ಲ, ಪೂರ್ತಿ ಒಂದೇ. ಅದೇ ಫಾಸ್ಫೇಟ್, ಅದೇ ಸಕ್ಕರೆ, ಅದೇ ನಾಲ್ಕು ಅಕ್ಷರ. ಕ್ರಮದ ಮಟ್ಟದಲ್ಲಿ ಅರ್ಧ ಎಂಬುದು ನಿಜವಲ್ಲ. ನಿಜವಿರುವುದಿಷ್ಟು: ನಮ್ಮ ಜೀನ್‌ಗಳಲ್ಲಿ ಅರ್ಧದಷ್ಟಕ್ಕೆ, ಇಲ್ಲವೇ ತುಸು ಹೆಚ್ಚಿಗೆ, ಬಾಳೆಯಲ್ಲಿ ಹೋಲುವ ಜೀನ್ ಗುರುತಿಸಬಹುದು. ಉಸಿರಾಟದ ರಾಸಾಯನಿಕ ಕೆಲಸ, ಡಿಎನ್‌ಎ ನಕಲು, ಪ್ರೋಟೀನ್ ತಯಾರಿ ಇಂಥವು ಎಲ್ಲ ಜೀವಕೋಶಕ್ಕೂ ಬೇಕಲ್ಲ. ಹೋಲುತ್ತವೆ ಅಂದರೆ ಅಕ್ಷರಕ್ಕೆ ಅಕ್ಷರ ಒಂದೇ ಎಂದಲ್ಲ. ಅಲ್ಲದೆ ಪ್ರೋಟೀನ್ ತಯಾರಿಸುವ ಭಾಗ ನಮ್ಮ 310 ಕೋಟಿ ಅಕ್ಷರಗಳಲ್ಲಿ ಶೇ. 1ರಿಂದ 2 ಮಾತ್ರ. ನಾಲ್ಕೇ ಅಕ್ಷರದಿಂದ ಇಷ್ಟೊಂದು ವೈವಿಧ್ಯ ಹೇಗೆಂದು ಮಕ್ಕಳು ಕೇಳಿದರೆ ಹತ್ತು ಅಕ್ಷರದ ತುಂಡು ಕೊಡಿ. ನಾಲ್ಕನ್ನು ಹತ್ತು ಸಲ ಗುಣಿಸಿದರೆ 10,48,576 ಬಗೆ. ಹತ್ತಕ್ಕೇ ಇಷ್ಟು, ರೋಬಸ್ಟಾ ಕಾಫಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಸುಮಾರು 71 ಕೋಟಿ ಅಕ್ಷರ.

ಕಸಿಯ ಮಾತಿಗೆ ಬರೋಣ. ಸೊರಗು ರೋಗದಿಂದ ತಪ್ಪಿಸಲು ಕೊಲುಬ್ರಿನಂ ಬೇರಿನ ಮೇಲೆ ಮೆಣಸಿನ ಬಳ್ಳಿ ಕಟ್ಟಿದಾಗ ನೀರು, ಲವಣ, ಸಕ್ಕರೆ, ಕೆಲವು ಸಂದೇಶದ ಅಣುಗಳು ಸಂಧಿಯನ್ನು ದಾಟುತ್ತವೆ. ಆದರೆ ಮೇಲಿನ ಬಳ್ಳಿಯ ಚಿಗುರು ತನ್ನ ಹಳೆಯ ಜೀವಕೋಶಗಳಿಂದಲೇ ಹುಟ್ಟುತ್ತದೆ. ಪ್ರತಿ ಸಲ ಕೋಶ ಒಡೆದಾಗ ಎರಡು ಎಳೆ ಬಿಚ್ಚಿ, ಒಂದೊಂದಕ್ಕೂ ಜೋಡಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಕಲಿಗೆ ಮೂಲ ಪ್ರತಿ ಬಳ್ಳಿಯದೇ, ಬೇರಿನದಲ್ಲ. ಸಂಧಿಯ ಜಾಗದ ಕೆಲವು ಕೋಶಗಳ ನಡುವೆ ಅಪರೂಪಕ್ಕೆ ಡಿಎನ್‌ಎ ವಿನಿಮಯ ಆಗುವುದು ತಂಬಾಕು ಗಿಡದ ಪ್ರಯೋಗದಲ್ಲಿ ಕಂಡಿದೆ, ಆದರೆ ಅದು ಮೇಲಿನ ಬಳ್ಳಿಗೋ ಕಾಳಿಗೋ ಹರಡಿದ್ದಲ್ಲ. ಪಣಿಯೂರು ತಳಿಯ ಮೆಣಸು ಕಟ್ಟಿದರೆ ಬರುವುದು ಪಣಿಯೂರಿನ ಕಾಳೇ. ಕಸಿಯಲ್ಲಿ ಚಿಂತಿಸಬೇಕಾದದ್ದು ಸಂಧಿ ಸರಿಯಾಗಿ ಕೂಡಿದೆಯೇ, ಕಸಿಯ ಕೆಳಗೆ ಕೊಲುಬ್ರಿನಂ ಚಿಗುರು ಬಂದರೆ ಮುರಿಯುತ್ತಿದ್ದೀರಾ, ಬೇಸಿಗೆಯಲ್ಲಿ ಆ ಬೇರಿಗೆ ಸಾಕಷ್ಟು ತೇವ ಸಿಗುತ್ತಿದೆಯೇ ಎಂಬುದು. ಡಿಎನ್‌ಎ ಅಲ್ಲ.

ಚಂದ್ರಗಿರಿ ಹೌದೋ ಅಲ್ಲವೋ

ಬೆಳೆಗಾರರ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ದುಡ್ಡು, ವರ್ಷ ಕಟ್ಟಿದ ಪ್ರಶ್ನೆ, ಅದಕ್ಕೆ ಸ್ಪಷ್ಟ ಉತ್ತರ ಸಿಗಬೇಕು. ಬಾಳೆಹಣ್ಣಿನ ವಿಧಾನದಲ್ಲಿ ತಳಿ ಗೊತ್ತಾಗುವುದಿಲ್ಲ. ಚಂದ್ರಗಿರಿಯ ಎಳೆ, ಎಸ್ 795 ಎಂಬ ಇನ್ನೊಂದು ಅರೇಬಿಕಾ ತಳಿಯ ಎಳೆ, ರೋಬಸ್ಟಾದ ಎಳೆ ಟ್ಯೂಬಿನಲ್ಲಿ ಒಂದೇ ತರಹ ಕಾಣುತ್ತವೆ.

ಲ್ಯಾಬಿಗೆ ಹೋಗುವ ಮೊದಲು ತೋಟದಲ್ಲೇ ನೋಡಬೇಕಾದ್ದಿದೆ. ಚಂದ್ರಗಿರಿಯನ್ನು ಕಾಫಿ ಮಂಡಳಿ 2007ರಲ್ಲಿ ಬಿಡುಗಡೆ ಮಾಡಿತು. ವಿಲ್ಲಾ ಸಾರ್ಚಿ ಮತ್ತು ಟಿಮೋರ್ ಹೈಬ್ರಿಡ್ ಎಂಬ ಎರಡು ಕಾಫಿಗಳನ್ನು ಸೇರಿಸಿ ಬಂದ ಅರೆಗಿಡ್ಡ ತಳಿ ಅದು. ಗಿಣ್ಣುಗಳ ಅಂತರ ಕಡಿಮೆ, ಎಲೆ ದಪ್ಪ, ಕಡು ಹಸಿರು. ಆದರೆ ದಟ್ಟ ನೆರಳಿನಲ್ಲಿ ಯಾವ ಗಿಡವೂ ಬೆಳಕಿಗಾಗಿ ಉದ್ದ ಎಳೆಯುತ್ತದೆ. ಹಾಗಾಗಿ ಮರಗಸಿ (ನೆರಳಿನ ಮರದ ರೆಂಬೆ ಕಡಿಯುವ ಕೆಲಸ) ಒಂದೇ ತರಹ ಆಗಿರುವ ಜಾಗದಲ್ಲಿ ಅಕ್ಕಪಕ್ಕದ ಗಿಡ ಮತ್ತು ಉದ್ದದ ಗಿಡ ಹೋಲಿಸಿ. ಎರಡರಲ್ಲೂ ಒಂದೇ ಎತ್ತರದ ಅಡ್ಡ ರೆಂಬೆಯಲ್ಲಿ ಹತ್ತು ಗಿಣ್ಣು ಎಣಿಸಿ ಉದ್ದ ಅಳೆಯಿರಿ. ಒಂದೇ ನೆರಳಿನಲ್ಲಿ, ಒಂದೇ ಗೊಬ್ಬರದಲ್ಲಿ, ಗಿಣ್ಣಿನ ಅಂತರ ಎದ್ದು ಕಾಣುವಷ್ಟು ಬೇರೆ ಇದ್ದರೆ ಆಗ ತಳಿಯ ಅನುಮಾನಕ್ಕೆ ಬಲ ಬರುತ್ತದೆ. ಉದ್ದದ ಗಿಡಗಳು ಚದುರಿವೆಯೋ, ಸಾಲಾಗಿ ಒಂದೇ ಕಡೆ ಇವೆಯೋ ಅದನ್ನೂ ಬರೆದಿಡಿ. ಸಾಲಾಗಿದ್ದರೆ ನರ್ಸರಿಯಲ್ಲಿ ಬೇರೆ ತಳಿಯ ಸಸಿ ಸೇರಿಹೋದದ್ದಿರಬಹುದು. ಅಲ್ಲೊಂದು ಇಲ್ಲೊಂದು ಎಂದಿದ್ದರೆ ಬೀಜದ ಗಿಡದಲ್ಲೇ ಪಕ್ಕದ ತಳಿಯ ಪರಾಗ ಬಿದ್ದದ್ದೂ ಇರಬಹುದು. ಅರೇಬಿಕಾ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಜೇನು, ಗಾಳಿ ಒಂದಿಷ್ಟು ಬೆರೆಸುತ್ತವೆ. ಈ ಅಳತೆಗೆ ಖರ್ಚಿಲ್ಲ, ಆದರೆ ಇದು ಸುಳಿವು ಮಾತ್ರ.

ಸುಳಿವು ಗಟ್ಟಿಯಾದರೆ ಮುಂದಿನದು ಮಾರ್ಕರ್ ಪರೀಕ್ಷೆ. ಜೀನೋಮಿನಲ್ಲಿ ಅಲ್ಲಲ್ಲಿ ಎರಡು ಮೂರು ಅಕ್ಷರಗಳ ತುಂಡು ಮತ್ತೆ ಮತ್ತೆ ಬರುತ್ತದೆ, ಸಿಎಸಿಎಸಿಎ ಎಂಬಂತೆ. ಎಷ್ಟು ಸಲ ಬರುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಅಂಥ ಜಾಗಗಳೇ ಮಾರ್ಕರ್, ಅವುಗಳಲ್ಲಿ ಹಲವನ್ನು ಪಿಸಿಆರ್ ಎಂಬ ವಿಧಾನದಲ್ಲಿ ನಕಲು ಮಾಡಿ ಉದ್ದ ಅಳೆಯುತ್ತಾರೆ. ಅನುಮಾನದ ಗಿಡ ಮತ್ತು ಖಾತ್ರಿಯಿರುವ ಚಂದ್ರಗಿರಿ ಗಿಡ, ಎರಡರ ಅಳತೆಗಳನ್ನೂ ಎದುರುಬದುರು ಇಡುತ್ತಾರೆ. ಖಾತ್ರಿ ಗಿಡದ ಮಾದರಿ ಇಲ್ಲದೆ ಪರೀಕ್ಷೆಗೆ ಅರ್ಥವಿಲ್ಲ, ಇದು ಬೆಳೆಗಾರರಿಗೆ ಮೊದಲೇ ಗೊತ್ತಿರಬೇಕು. ಇನ್ನೊಂದು ಕಷ್ಟ: ರೋಬಸ್ಟಾ ಮತ್ತು ಯೂಜೆನಿಯಾಯ್ಡಿಸ್ ಎಂಬ ಎರಡು ಜಾತಿ ಸೇರಿ ಹುಟ್ಟಿದ್ದು ಅರೇಬಿಕಾ. ರೋಬಸ್ಟಾಗೆ 22 ವರ್ಣತಂತು, ಅರೇಬಿಕಾಗೆ 44. ಅರೇಬಿಕಾ ಮತ್ತು ರೋಬಸ್ಟಾ ಬೇರೆ ಎಂದು ಹೇಳುವುದು ಸುಲಭ, ಆದರೆ ಅರೇಬಿಕಾ ತಳಿಗಳ ನಡುವಿನ ವ್ಯತ್ಯಾಸ ಬಹಳ ಸಣ್ಣದು. ಒಂದೆರಡು ಮಾರ್ಕರ್ ನೋಡಿ "ಹೌದು" ಎಂದು ಬರೆದುಕೊಡುವ ಲ್ಯಾಬನ್ನು ನಂಬಬೇಡಿ. ಎಷ್ಟು ಮಾರ್ಕರ್ ನೋಡುತ್ತೀರಿ, ಹೋಲಿಕೆಗೆ ಯಾವ ಗಿಡ ಇಟ್ಟುಕೊಂಡಿದ್ದೀರಿ ಎಂದು ಕೇಳಿಯೇ ದುಡ್ಡು ಕಟ್ಟಿ.

ಪೂರ್ತಿ ಜೀನೋಮ್ ಓದಿಸುವುದು ಈ ಪ್ರಶ್ನೆಗೆ ಅನಗತ್ಯ ಖರ್ಚು. ಮಾರ್ಕರ್ ಪರೀಕ್ಷೆಯೂ ಆ ಗಿಡ ಯಾವುದೆಂದು ಹೇಳುತ್ತದೆಯೇ ಹೊರತು ಬೆರಕೆ ಯಾರ ಕೈಯಲ್ಲಿ, ಎಲ್ಲಿ ಆಯಿತೆಂದು ಹೇಳುವುದಿಲ್ಲ. ನರ್ಸರಿಯವರ ಜೊತೆ ತಕರಾರು ಇದ್ದರೆ ಬಿಲ್ಲು, ಸಸಿಯ ಸಂಖ್ಯೆ, ನೆಟ್ಟ ಜಾಗದ ನಕ್ಷೆ ಬೇಕೇ ಬೇಕು. ನೂರಾರು ಗಿಡಗಳ ನಡುವೆ ಬೆರಳೆಣಿಕೆಯಷ್ಟು ಉದ್ದದ ಗಿಡ ಇದ್ದರೆ ನನ್ನ ಸಲಹೆ ಪರೀಕ್ಷೆ ಬೇಡ ಎಂದೇ. ಎಲೆ ತುಕ್ಕು ರೋಗ ಹೇಗೆ ಬರುತ್ತದೆ, ಇಳುವರಿ ಎಷ್ಟು ಎಂದು ಎರಡು ಫಸಲು ನೋಡಿ, ಸರಿಯಿಲ್ಲದವನ್ನು ಕಿತ್ತು ಹೊಸದು ಹಾಕಿ. ಗಿಡಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಅನುಮಾನವಿದ್ದರೆ ಪರೀಕ್ಷೆಗೆ ಅರ್ಥವಿದೆ. ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನು ಕಂಡು ಗಿಡ ತೋರಿಸಿ. ಕಣ್ಣಲ್ಲೇ ತೀರ್ಮಾನವಾಗುವುದೂ ಉಂಟು.

ಮಾದರಿ ಕಳಿಸಬೇಕಾಗಿ ಬಂದರೆ ಜೂನ್‌ನಿಂದ ಆಗಸ್ಟ್ ಮಳೆಯಲ್ಲಿ ಬೇಡ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊರಿಯರ್ ಮಾಡಿದರೆ ಎರಡೇ ದಿನದಲ್ಲಿ ಕೊಳೆತು, ಲ್ಯಾಬಿಗೆ ತಲುಪುವುದು ಹೆಚ್ಚಾಗಿ ಶಿಲೀಂಧ್ರದ ಡಿಎನ್‌ಎ. ಹೂಮಳೆಯ ನಂತರ ಹೊಸ ಚಿಗುರು ಬಂದಾಗ, ಬಿಸಿಲಿರುವ ದಿನ, ರೆಂಬೆಯ ತುದಿಯ ಮೊದಲ ಅಥವಾ ಎರಡನೇ ಜೋಡಿ ಎಲೆ ತೆಗೆಯಿರಿ. ಹಿಂಭಾಗ ತಿರುಗಿಸಿ ನೋಡಿ, ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಇದ್ದರೆ ಆ ಎಲೆ ಬಿಡಿ, ತುಕ್ಕು ಕೂಡ ಒಂದು ಜೀವಿ, ಅದರ ಡಿಎನ್‌ಎಯೂ ಸೇರುತ್ತದೆ. ಔಷಧಿ ಸಿಂಪಡಿಸಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ಪ್ರತಿ ಗಿಡದ ಎಲೆಗೂ ಬೇರೆ ಕಾಗದದ ಕವರ್. ಹತ್ತು ಗಿಡದ ಎಲೆ ಒಂದೇ ಕವರಿಗೆ ಹಾಕಿದರೆ ಫಲಿತಾಂಶ ಯಾರಿಗೂ ಬಿಡಿಸಲಾಗದು. ಕವರಿನ ಮೇಲೆ ಸಾಲಿನ ಸಂಖ್ಯೆ, ಗಿಡದ ಸಂಖ್ಯೆ, ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಈ ಕಾಗದದ ಕವರುಗಳನ್ನು ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ (ತೇವ ಹೀರುವ ಹರಳು) ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಎಲೆ ಗರಿಗರಿಯಾಗಿ ಒಣಗುತ್ತದೆ, ಆಮೇಲೆ ಅಂಚೆಯಲ್ಲಿ ಕಳಿಸಬಹುದು. ಬಿಸಿಲಿಗಿಟ್ಟು, ಒಲೆಯ ಮೇಲಿಟ್ಟು ಒಣಗಿಸಬೇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಕ್ಕರೆ ಒಳ್ಳೆಯದು. ಅದರ ಬಣ್ಣ ತಿರುಗಿದ ದಿನವೇ ಹಳೆಯದನ್ನು ತೆಗೆದು ಹೊಸದು ಹಾಕಿ.